ಹುಲಿಯಿಲ್ಲದೆ ಎದ್ದ ರೋಮ

ಮೈಕೂದಲು ನಿಮಿರಿಸಿ ನಾಯಿಯನ್ನು ಓಡಿಸಿದ ಬೆಕ್ಕು, ಜಗಲಿಯಲ್ಲಿ ಕೂತಿದ್ದ ಈರಮ್ಮಜ್ಜಿಯ ತೋಳಿನ ರೋಮವನ್ನು ನೋಡಿ ನಕ್ಕಿತು. "ನೀನು ಚಳಿ ತಡೆಯಲಾರೆ, ಇರುವೆಯನ್ನೂ ಹೆದರಿಸಲಾರೆ. ಯಾಕಿನ್ನೂ ಉಳಿದಿದ್ದೀಯೆ?"

ರೋಮ ಹೇಳಿತು: "ನಮ್ಮ ಹಿರಿಯರು ಹುಲಿಯೆದುರು ನಿನ್ನಂತೆಯೇ ಸೆಟೆದು ನಿಲ್ಲುತ್ತಿದ್ದರು. ಕಾಡು ಬಿಟ್ಟೆವು; ಏಳುವುದನ್ನು ಮಾತ್ರ ಬಿಡಲಿಲ್ಲ."

"ಹುಲಿಯೇ ಇಲ್ಲದ ಮೇಲೆ ಯಾರಿಗಾಗಿ ಏಳುತ್ತೀಯೆ?"

ಅಷ್ಟರಲ್ಲಿ, ಬೆಕ್ಕಿನ ಪಕ್ಕದಲ್ಲೇ ಅಂಬೆಗಾಲಿಡುತ್ತಿದ್ದ ಮೊಮ್ಮಗಳು ಕಂಬ ಹಿಡಿದು ಎದ್ದಳು. ಆಮೇಲೆ ಕಂಬವನ್ನೂ ಬಿಟ್ಟಳು. ಎರಡೇ ಕಾಲ ಮೇಲೆ, ತೂರಾಡುತ್ತ, ನಿಂತಳು.

"ನಿಂತೇಬಿಟ್ಟಳಲ್ಲ ನನ್ನ ತಾಯಿ!" ಎಂದಳು ಅಜ್ಜಿ. ಅವಳ ತೋಳಿನ ರೋಮಗಳೆಲ್ಲ ಒಟ್ಟಿಗೆ ಎದ್ದವು.

"ಎಲ್ಲಿ ಹುಲಿ?" ಎಂದು ಬೆಕ್ಕು ಗಾಬರಿಯಿಂದ ಪಕ್ಕಕ್ಕೆ ತಿರುಗಿತು. ಅಷ್ಟು ಹೊತ್ತೂ ತನ್ನ ಮುಖಕ್ಕೆ ಸಮನಾಗಿದ್ದ ಕೂಸಿನ ಮುಖ ಅಲ್ಲಿರಲಿಲ್ಲ. ಅದನ್ನು ಕಾಣಲು ಬೆಕ್ಕು ಮೊದಲ ಸಲ ಕತ್ತೆತ್ತಬೇಕಾಯಿತು.