ಹಂಚಿನಗಡ್ಡಿಯಲ್ಲಿ ಯಾರೂ ಸತ್ತಿಲ್ಲ

ಹೂಂಗುಟ್ಟುವವರು ಮುಂದೆ ಕೂತುಕೊಳ್ಳಿ, ನಗುವವರು ಹಿಂದೆ. ನಗು ಬರುವ ಕತೆಯೇ ಇದು. ನಕ್ಕು ಮುಗಿದ ಮೇಲೆ ಬಾಯಿ ಕಹಿಯಾಯಿತು ಅಂತ ಮಾತ್ರ ನನ್ನನ್ನು ಬೈಯಬಾರದು.

ಹೊಳೆಯ ನಡುವೆ ಹಂಚಿನಗಡ್ಡಿ ಅಂತ ಒಂದು ನಡುಗಡ್ಡೆ. ಆ ಕಡೆ ನೀರು, ಈ ಕಡೆ ನೀರು, ನಡುವೆ ನಲವತ್ತು ಮನೆ. ದಾಟಬೇಕೆಂದರೆ ಹರಿಗೋಲು. ಹರಿಗೋಲು ಬಿಟ್ಟರೆ ದೇವರು. ಅಲ್ಲಿ ಹುಲಿಗೆವ್ವ ಅಂತ ಒಬ್ಬಳು, ಗಂಡ ಸತ್ತವಳು. ಅವಳಿಗೆ ಯಂಕೋಬ ಅಂತ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ, ಎತ್ತಿನಂಥ ಮೈ, ಮುತ್ತು ಪೋಣಿಸಿದಂಥ ಅಕ್ಷರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. "ಆಡಿನ ಮ್ಯಾಲಿಂದ ಕಣ್ಣು ತಗೀಬ್ಯಾಡ" ಅಂತ ಅವ್ವ ಒಮ್ಮೆ ಹೇಳಿ ಹೋದಳು. ಕಳ್ಳ ಬಂದ, ಆಡನ್ನು ಹೆಗಲಿಗೇರಿಸಿದ, ಹರಿಗೋಲು ಹತ್ತಿದ. ಯಂಕೋಬ ಕಣ್ಣು ತೆಗೆಯಲಿಲ್ಲ. ಆಡು ಆಚೆ ದಂಡೆಯಲ್ಲಿ ಚುಕ್ಕಿಯಾಗಿ ಮರೆಯಾಗುವವರೆಗೂ ನೋಡಿದ.

"ಅಯ್ಯೋ ಪೆದ್ದಾ! ಯಾವ ಗ್ವಾಡಿಗೆ ತಲಿ ಬಡಕೊಳ್ಳಲೋ ನಾನು!"

"ನೀ ಹೇಳಿದಂಗ ಮಾಡೀನಲ್ಲಬೇ!"

ಹುಲಿಗೆವ್ವನ ಗಂಡ ಗಿರಿಯಪ್ಪ ಆರು ವರ್ಷದ ಹಿಂದೆ ಸಂತೆಗೆಂದು ಹರಿಗೋಲು ಹತ್ತಿದವನು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು. ನಡುಹೊಳೆಯ ಸುಳಿಯಲ್ಲಿ ಹರಿಗೋಲು ಮಗುಚಿತು. ಹೆಣವೂ ಸಿಗಲಿಲ್ಲ. ಹದಿನೈದು ದಿನ ಅವಳು ದಂಡೆಯಲ್ಲಿ ಕೂತು ನೀರು ನೋಡಿದಳು. ಹದಿನಾರನೆಯ ದಿನ ಹಿರಿಯರು ಹಿಡಿದು ಕೂಡಿಸಿ ಬಳೆ ಒಡೆಸಿದರು. ಅವಳು ಒಡೆಯಲು ಕೈ ಕೊಟ್ಟಳು, ಆದರೆ ಗಂಡ ಸತ್ತ ಅಂತ ಬಾಯಿಬಿಟ್ಟು ಯಾರ ಮುಂದೆಯೂ ಹೇಳಲಿಲ್ಲ. ಅವನಿಗಿಂತ ಮೊದಲು ಐವರು, ಅವನಾದ ಮೇಲೆ ನಾಲ್ವರು. ಹತ್ತು ಜೀವ ನುಂಗಿದ ಹೊಳೆ ಅದು. ಒಂದು ಸೇತುವೆ ಆಗಲಿ, ಇನ್ನೊಬ್ಬಳು ಹಾಗೆ ದಂಡೆಯಲ್ಲಿ ಕೂಡುವುದು ಬೇಡ. ಹುಲಿಗೆವ್ವನಿಗೆ ಬೇಕಿದ್ದದ್ದು ಅಷ್ಟೇ.

ಚುನಾವಣೆಯಲ್ಲಿ ಎಂಪಿ ಸಾಹೇಬರು ಬಂದಿದ್ದರು. "ಸೇತುವೆ ಕಟ್ಟಿಸೇ ತೀರ್ತೀನಿ" ಅಂದರು. ಗೆದ್ದರು. ಹೋದರು. ದಿಲ್ಲಿ ಅವರನ್ನು ನುಂಗಿತೋ ಅವರೇ ದಿಲ್ಲಿಯನ್ನು ನುಂಗಿದರೋ, ಮೂರು ವರ್ಷ ಸುಳಿವಿಲ್ಲ.

ಗಡ್ಡಿಯ ಸಾಲೆಯ ಸೂಗಪ್ಪ ಮಾಸ್ತರಿಗೆ ಸಿಟ್ಟು ಬಂತು. ಒಂದು ದಪ್ಪ ನೋಟುಬುಕ್ಕು ತಂದು ಮೂರು ಗೆರೆ ಎಳೆದರು. ಮಾತು, ಪ್ರಶ್ನೆ, ವೋಟು. "ದಿಲ್ಲಿ ಸಭೆಯೊಳಗ ಸಾಹೇಬ್ರು ಏನಾಡ್ತಾರ, ಏನು ಕೇಳ್ತಾರ, ಯಾವುದಕ್ಕ ಹೌದಂತಾರ, ಯಾವುದಕ್ಕ ಇಲ್ಲಂತಾರ, ಎಲ್ಲಾ ಬರದಿಡೂಣು. ಮುಂದಿನ ಸಲ ಕೈ ಮುಗಕೊಂಡು ಬಂದಾಗ ಅವರ ಮುಂದ ಓದೂಣು." ಸಾಲೆಯ ಟೀವಿಯಲ್ಲಿ ಸಂಸತ್ತು ಬರುತ್ತಿತ್ತು. ಆದರೆ ಹೊಲಮನೆ ಬಿಟ್ಟು ದಿನವಿಡೀ ಅದರ ಮುಂದೆ ಕೂಡುವವರು ಯಾರು? ಕೂಡು ಅಂದರೆ ಏಳದವನು ಊರಲ್ಲಿ ಒಬ್ಬನೇ. ಅಕ್ಷರವೂ ಚಂದ. ಹುಲಿಗೆವ್ವ ಮಗನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಕಳಿಸಿದಳು.

"ಯಂಕೋಬಾ, ಸಾಹೇಬ್ರು ಕಂಡಾಗ ಏನೇನು ಮಾಡ್ತಾರ ಎಲ್ಲಾ ಬರಿ. ಒಂದೂ ಬಿಡಬ್ಯಾಡ" ಅಂದರು ಮಾಸ್ತರು.

ಎಂಟು ದಿನ ಬರೆದ. ಒಂಬತ್ತನೆಯ ದಿನ ಊರು ಸೇರಿತು, ಮಾಸ್ತರು ಓದಿಸಿದರು.

"ಹನ್ನೊಂದು ಗಂಟೆ. ಎಡಗಿವಿ ಕೆರಕೊಂಡರು. ಹನ್ನೊಂದೂಕಾಲು. ಬಲಗಿವಿ ಕೆರಕೊಂಡರು. ಹನ್ನೆರಡು. ಆಕಳಿಸಿದರು. ಹನ್ನೆರಡೂವರೆ. ಕಣ್ಣು ಮುಚ್ಚಿದರು. ಪಕ್ಕದವರು ಮೊಣಕೈಲಿಂದ ತಿವಿದರು. ಎಚ್ಚರಾಗಿ 'ಹೌದು' ಅಂದರು. ಮತ್ತ ಕಣ್ಣು ಮುಚ್ಚಿದರು."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರು ನಗಲಿಲ್ಲ.

"ಲೇ, ಇದೇನಲೇ? ಮಾತು ಎಲ್ಲೈತಿ? ಪ್ರಶ್ನೆ ಎಲ್ಲೈತಿ?"

"ಅವರು ಮಾಡಿದ್ದು ಇಷ್ಟೇ ರೀ. ನೀವು ಹೇಳಿದಂಗ ಮಾಡೀನಲ್ರೀ!"

"ಕೆರಕೊಂಡಿದ್ದು ಯಾರಿಗೆ ಬೇಕೋ! ಬಾಯಿಲಿಂದ ಬಂದ ಮಾತು ಬರಿ. ಬಂದ ಮಾತೆಲ್ಲ ಬರಿ!"

"ಹಂಗ ಮಾಡ್ತೀನಿ ರೀ."

ಆ ಬೇಸಿಗೆಯಲ್ಲೇ ಹೊಳೆ ಹನ್ನೊಂದನೆಯ ಜೀವ ತೆಗೆದುಕೊಂಡಿತು. ಹೆರಿಗೆ ನೋವು ತಿನ್ನುತ್ತಿದ್ದ ಬಸುರಿಯನ್ನು ದಾಟಿಸುವಾಗ ಹರಿಗೋಲು ಬಂಡೆಗೆ ಬಡಿಯಿತು. ಸುದ್ದಿ ಪೇಪರಿನಲ್ಲಿ ಬಂತು. ಪೇಪರಿನಲ್ಲಿ ಬಂದ ಮೇಲೆ ಎಂಪಿ ಸಾಹೇಬರೂ ಬಂದರು. ಮೋಟಾರು ದೋಣಿ, ಮೈಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ. ಸತ್ತವಳ ಮನೆ ಮುಂದೆ ನಿಂತು ಕಣ್ಣೊರೆಸಿಕೊಂಡರು. ಯಂಕೋಬ ಅವರ ಬೆನ್ನಿಗೆ ಅಂಟಿಕೊಂಡು ನಿಂತು ಬರೆದ. ಅವರು ನಡೆದರೆ ನಡೆದ, ನಿಂತರೆ ನಿಂತ.

ಮಾಸ್ತರು ಕಟ್ಟೆಯ ಮೇಲೆ ಸಾಹೇಬರನ್ನು ಕೂಡಿಸಿದರು. "ನೋಡ್ರಿ ಸಾಹೇಬ್ರ, ತಾವಾಡಿದ ಒಂದು ಮಾತೂ ನೆಲಕ್ಕ ಬೀಳಗೊಡದಂಗ ನಮ್ಮ ಹುಡುಗ ಬರದಾನ. ಓದಪ್ಪಾ ಯಂಕೋಬಾ."

ಯಂಕೋಬ ಗಂಟಲು ಸರಿಮಾಡಿಕೊಂಡು ಓದಿದ.

"'ನಿಮ್ಮ ದುಃಖ ನನ್ನ ದುಃಖ.' ಇದು ಮಂದಿಗೆ. 'ಫೋಟೋ ಬಂತೇನೋ? ಹೊಳಿ ಕಾಣೂಹಂಗ ಇನ್ನೊಂದು ತಗಿ.' ಇದು ಫೋಟೋದವಗೆ. 'ಸೇತುವೆ ನನ್ನ ಕನಸು.' ಇದು ಮಂದಿಗೆ. 'ನಲವತ್ತು ಮನಿಗೆ ಎಷ್ಟು ವೋಟು ಬಂದಾವು? ಇಷ್ಟಕ್ಕ ಇಷ್ಟು ದೂರ ಕರಕೊಂಡು ಬಂದ್ಯಾ?' ಇದು ಪಿಎಗೆ."

ಯಾರೂ ನಗಲಿಲ್ಲ. ಸಾಹೇಬರ ಮುಖ ಕಪ್ಪಿಟ್ಟಿತು. ಕೈಗೆ ಬಂದ ಚಹಾ ಅಲ್ಲೇ ಇಟ್ಟು ದೋಣಿ ಹತ್ತಿದರು. ದೋಣಿ ಆಚೆ ದಂಡೆ ಮುಟ್ಟುವ ಮೊದಲೇ ಊರೆಲ್ಲ ಯಂಕೋಬನ ಮೇಲೆ ಬಿತ್ತು. ಖರೆ ಹೇಳಿದರೆ ಆ ಪೆದ್ದ ಓದಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ನಿಜ ಓದಿದವನಿಗೆ ಯಾವ ಊರಲ್ಲಿ ಮರ್ಯಾದೆ ಇದೆ, ಹೇಳಿ?

"ಮನಿಹಾಳಾ! ಬರತಿದ್ದ ಸೇತುವೆ ಹೊಳಿ ಪಾಲು ಮಾಡಿದಿ!" ಅಂತ ಹುಲಿಗೆವ್ವ ಬೆನ್ನಿಗೆ ಗುದ್ದಿದಳು.

"ಬಂದ ಮಾತೆಲ್ಲ ಬರಿ ಅಂದ್ರಲ್ಲಬೇ! ಹೇಳಿದಂಗ ಮಾಡೀನಲ್ಲಬೇ!"

ಮಾಸ್ತರು ತಲೆ ಹಿಡಿದುಕೊಂಡು ಕೂತಿದ್ದರು. "ಲೇ ಪೆದ್ದಾ, ಕೇಳಿಲ್ಲಿ. ಸಭೆಯೊಳಗ ಆಡಿದ್ದೇ ಮಾತು. ಅದೇ ದಾಖಲಿ, ಅದೇ ಖರೆ. ಹೊರಗ ಆಡಿದ ಮಾತು ಲೆಕ್ಕಕ್ಕಿಲ್ಲ. ಯಾರೇ ಆಡಲಿ, ಲೆಕ್ಕಕ್ಕಿಲ್ಲ! ತಿಳೀತೇನು?"

"ತಿಳೀತ್ರಿ. ಹೊರಗ ಆಡಿದ ಮಾತು ಲೆಕ್ಕಕ್ಕಿಲ್ಲ."

ತಿಂಗಳೊಪ್ಪತ್ತು ಕಳೆಯಿತು. ಒಂದು ಮುಂಜಾನೆ ಯಂಕೋಬ ಆಚೆ ದಂಡೆಯಲ್ಲಿ ಕಟ್ಟಿಗೆ ಕಡಿಯುತ್ತಿದ್ದ. ಜೀಪು ನಿಂತಿತು. ಸಾಹೇಬರ ಪಿಎ ಇಳಿದ. "ಏ ತಮ್ಮಾ, ನಿಮ್ಮ ಮಾಸ್ತರಿಗೆ ಹೇಳು. ಸಾಹೇಬ್ರು ಸಿಟ್ಟು ಬಿಟ್ಟಾರ. ಈ ಸಲ ಸಭೆಯೊಳಗ ನಿಮ್ಮ ಸೇತುವೆ ಪ್ರಶ್ನೆ ಕೇಳ್ತಾರ. ಎರಡು ಕಾಗದ ಬೇಕು. ಒಂದು ಊರವರ ಅರ್ಜಿ, ಇನ್ನೊಂದು ಹೊಳ್ಯಾಗ ಸತ್ತವರ ಪಟ್ಟಿ. ಹತ್ತು ದಿನದಾಗ ಮುಟ್ಟಿಸ್ರಿ."

ಯಂಕೋಬ ಹೂಂ ಅಂದ. ಕಟ್ಟಿಗೆ ಹೊತ್ತ, ಮನೆಗೆ ಬಂದ, ರೊಟ್ಟಿ ತಿಂದ, ಮಲಗಿದ. ಯಾರಿಗೂ ಹೇಳಲಿಲ್ಲ. ದಂಡೆಯ ಮೇಲೆ ಆಡಿದ ಮಾತು, ಸಭೆಯೊಳಗಿನದಲ್ಲ!

ಒಂಬತ್ತನೆಯ ದಿನ ಪಿಎ ಮಾಸ್ತರಿಗೆ ಫೋನು ಮಾಡಿದ. "ಕಾಗದ ಎಲ್ರೀ? ನಾಳೆ ಕಡೀ ದಿನ!"

ಮಾಸ್ತರು ಓಡಿ ಬಂದರು. ಹುಲಿಗೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಯಾಕ ಹೇಳಲಿಲ್ಲಲೇ?"

"ಹೊರಗ ಆಡಿದ ಮಾತು ಲೆಕ್ಕಕ್ಕಿಲ್ಲ ಅಂದ್ರಲ್ರೀ! ಹೇಳಿದಂಗ ಮಾಡೀನಲ್ರೀ!"

ಬೈಯಲೂ ಹೊತ್ತಿರಲಿಲ್ಲ. ಹೊಳೆ ಏರುತ್ತಿತ್ತು. ಮಧ್ಯಾಹ್ನದೊಳಗೆ ಹರಿಗೋಲು ದಾಟದಿದ್ದರೆ ಕಾಗದ ಗಡ್ಡಿಯಲ್ಲೇ ಉಳಿಯುತ್ತಿತ್ತು. "ಮನಿಮನಿಯವರ ಹೆಸರು ಬರಿ, ಯಾರನ್ನೂ ಬಿಡಬ್ಯಾಡ" ಅಂದರು ಮಾಸ್ತರು. ಯಂಕೋಬ ಯಾರನ್ನೂ ಬಿಡಲಿಲ್ಲ. ಇದ್ದವರನ್ನು ಬರೆದ, ಸತ್ತವರನ್ನೂ ಬರೆದ. ತಮ್ಮ ಮನೆಯ ಸಾಲಿನಲ್ಲಿ ಮೊದಲು ಗಿರಿಯಪ್ಪ, ಆಮೇಲೆ ಹುಲಿಗೆವ್ವ, ಆಮೇಲೆ ಯಂಕೋಬ. ಮಾಸ್ತರು ಗಟ್ಟಿಯಾಗಿ ಓದುವಾಗ ಗಂಡನ ಹೆಸರು ಕೇಳಿ ಹುಲಿಗೆವ್ವ ಬಾಗಿಲ ಕಡೆ ತಿರುಗಿ ನೋಡಿದಳು.

"ಸತ್ತವರು ಅರ್ಜಿ ಹಾಕ್ತಾರೇನಲೇ ಕೋಣಾ!" ಮಾಸ್ತರು ಕೂಗಿದರು. "ತಗಿ, ಎಲ್ಲಾ ತಗಿ! ದಿಲ್ಲಿಗೆ ಹೋಗೂ ಕಾಗದದಾಗ ಸತ್ತವರ ಹೆಸರು ಒಂದೂ ಇರಬಾರದು. ಒಂದು ಕಂಡ್ರೂ ಹರದು ಒಗೀತಾರ!"

"ಹಂಗ ಮಾಡ್ತೀನಿ ರೀ."

ಮಾಡಿದ. ಅರ್ಜಿ ಸರಿಯಾಯಿತು. ಮಾಸ್ತರು ಇನ್ನೊಂದು ಹಾಳೆಯಲ್ಲಿ ಗಡಿಬಿಡಿಯಲ್ಲಿ ಹನ್ನೊಂದು ಹೆಸರು ಗೀಚಿ ಅವನ ಕೈಗೆ ಕೊಟ್ಟರು. "ಇದು ಸತ್ತವರ ಪಟ್ಟಿ. ಚಂದ ಅಕ್ಷರದಾಗ ಇಳಿಸಿ, ಎರಡೂ ಕಾಗದ ಲಕೋಟೆಗೆ ಹಾಕಿ ಅಂಟಿಸು. ನಾ ಹರಿಗೋಲು ನಿಲ್ಲಸ್ತೀನಿ" ಅಂದು ದಂಡೆಗೆ ಓಡಿದರು.

ಯಂಕೋಬ ಕೂತು ಬರೆದ. ಹುಲಿಗೆವ್ವನಿಗೆ ಓದು ಬಾರದು. ಮಗನ ಭುಜದ ಮೇಲಿಂದ ಬಗ್ಗಿ ನೋಡಿದಳು. ಮೇಲೆ ಒಂದು ಸಾಲು, ಕೆಳಗೆ ಬೆಳ್ಳಗೆ ಹಾಳೆ. ಒಂದು ಕಲೆಯಿಲ್ಲ, ಒಂದು ಚಿತ್ತಿಲ್ಲ. ಎಷ್ಟು ಸ್ವಚ್ಛ ಬರೆದಾನ ನನ್ನ ಮಗ ಅಂದುಕೊಂಡಳು. ಅವತ್ತು ಮೊದಲ ಸಲ ಅವನ ಬೆನ್ನು ಸವರಿದಳು. ಲಕೋಟೆ ಹೊಳೆ ದಾಟಿತು.

ಶ್ರಾವಣದಲ್ಲಿ ಹೊಳೆ ದಂಡೆ ಮೀರಿತು. ಹರಿಗೋಲನ್ನು ಎಳೆದು ಬೇವಿನ ಮರಕ್ಕೆ ಕಟ್ಟಿದರು. ಆಗಲೇ ಸಭೆಯಲ್ಲಿ ಪ್ರಶ್ನೆಯ ದಿನ ಬಂತು. ಗಡ್ಡಿಗೆ ಗಡ್ಡಿಯೇ ಸಾಲೆಯಲ್ಲಿ ಸೇರಿತು. ಹುಲಿಗೆವ್ವ ಎಲ್ಲರಿಗಿಂತ ಮುಂದೆ ಕೂತಳು. ಮಗ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡ.

ಎಂಪಿ ಸಾಹೇಬರು ಎದ್ದರು! ಮೂರು ವರ್ಷದಲ್ಲಿ ಮೊದಲ ಸಲ ಎದ್ದರು! ಚಪ್ಪಾಳೆಯೋ ಚಪ್ಪಾಳೆ. ಅವರು ಹಿಂದಿಯಲ್ಲಿ ಕೇಳಿದರು, ಮಾಸ್ತರು ಕನ್ನಡದಲ್ಲಿ ಹೇಳಿದರು. "ಹಂಚಿನಗಡ್ಡಿ ಹೊಳ್ಯಾಗ ಎಷ್ಟು ಮಂದಿ ಸತ್ತಾರ, ಸೇತುವೆ ಯಾವಾಗ ಆಗತೈತಿ ಅಂತ ಕೇಳಿದ್ರು."

ಮಂತ್ರಿಗಳು ಎದ್ದು ಕಾಗದ ಓದಿದರು. ಮಾಸ್ತರು ಎದ್ದು ಟೀವಿಯ ಹತ್ತಿರ ಹೋದರು.

"ಏನಂದ್ರು ರೀ ಮಾಸ್ತರ?" ಅಂದಳು ಹುಲಿಗೆವ್ವ.

"ಸದಸ್ಯರೇ ಕೊಟ್ಟ ಪಟ್ಟಿ ಪ್ರಕಾರ... ಅಲ್ಲಿ ಯಾರೂ ಸತ್ತಿಲ್ಲಂತ. ಅದಕ್ಕ ಸೇತುವೆ ಬೇಕಾಗಿಲ್ಲಂತ."

ಸಾಹೇಬರು ಧನ್ಯವಾದ ಹೇಳಿ ಕೂತರು. ತಾವು ಕೊಟ್ಟ ಪಟ್ಟಿಯನ್ನು ತಾವೂ ತೆರೆದು ನೋಡಿರಲಿಲ್ಲ. ಓದುಬರಹ ಬಲ್ಲವರು ಅಷ್ಟು ಕೈ ದಾಟಿಸಿದ ಕಾಗದ ಅದು, ಒಬ್ಬರಾದರೂ ನೋಡಬಾರದಿತ್ತೇ? ನೋಡಲಿಲ್ಲ. ಪೆದ್ದ ಅನ್ನಿಸಿಕೊಂಡವನು ಮಾತ್ರ ಒಬ್ಬನೇ.

ಮಾಸ್ತರು ಯಂಕೋಬನ ಕೊರಳಪಟ್ಟಿ ಹಿಡಿದರು. "ಪಟ್ಟ್ಯಾಗ ಏನು ಬರದೆಲೇ?"

"'ಹೊಳೆಯಲ್ಲಿ ಸತ್ತವರ ಪಟ್ಟಿ' ಅಂತ ಬರದೆ ರೀ. ಕೆಳಗಿನ ಹನ್ನೊಂದೂ ತಗದೆ. ಸತ್ತವರ ಹೆಸರು ಒಂದೂ ಇರಬಾರದು ಅಂದ್ರಲ್ರೀ! ಹೇಳಿದಂಗ ಮಾಡೀನಲ್ರೀ!"

ಮಾಸ್ತರ ಕೈಯಿಂದ ಕೊರಳಪಟ್ಟಿ ಜಾರಿತು. ಯಂಕೋಬ ಮಾತ್ರ ಎದ್ದು ಕುಣಿದ. ಅವ್ವನ ಬರಿಗೈ ಎರಡೂ ಹಿಡಿದುಕೊಂಡ. "ಯವ್ವಾ, ಕೇಳಿದ್ಯಾ? ಅಪ್ಪ ಸತ್ತಿಲ್ಲಂತ! ಸಭೆಯೊಳಗ ಹೇಳಿದ್ರಬೇ! ದಾಖಲಿ ಆತು! ಬಳಿ ಇಟ್ಟುಕೋಬೇ ನೀನು!"

ಹುಲಿಗೆವ್ವ ಕೈ ಕಿತ್ತುಕೊಂಡಳು. ಇಪ್ಪತ್ತೆರಡು ವರ್ಷ ಸಾಕಿದ ಸಿಟ್ಟು, ಆರು ವರ್ಷ ನುಂಗಿದ ಅಳು, ಎಲ್ಲ ಒಟ್ಟಿಗೇ ಗಂಟಲಿಗೆ ಬಂತು. ಯಾರಿಗೆ ಏನು ಹೇಳುತ್ತಿದ್ದೇನೆ ಅನ್ನುವ ಎಚ್ಚರ ತಪ್ಪಿತು.

"ಸತ್ತಿಲ್ಲಾ? ಸತ್ತಿಲ್ಲಂದ್ರ ಹೋಗು, ಕರಕೊಂಡು ಬಾ ನಿಮ್ಮಪ್ಪನ್ನ! ಅವನ್ನ ಕರಕೊಂಡೇ ಬಾ. ಇಲ್ಲಾಂದ್ರ ಹೊಳ್ಳಿ ಮಾರಿ ತೋರಸಬ್ಯಾಡ ನನಗ!"

"ಹಂಗ ಮಾಡ್ತೀನಿಬೇ" ಅಂದ ಯಂಕೋಬ.

ಅವಳು ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದಳು. ಹೆಂಗಸರು ನೀರು ಕುಡಿಸಿದರು. ಮಾಸ್ತರು ಗೋಡೆಗೊರಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹೊರಗಿಂದ ಯಾರೋ ಕೂಗಿದರು. "ಯಂಕೋಬ ಹರಿಗೋಲು ಬಿಚ್ಚಿದ್ನಪೋ!"

ಹುಲಿಗೆವ್ವ ಎದ್ದಳೋ ಬಿದ್ದಳೋ ಗೊತ್ತಿಲ್ಲ, ದಂಡೆಗೆ ಬಂದಿದ್ದಳು. ಕೆಂಪು ನೀರು ಕುದಿಯುತ್ತಿತ್ತು. ಹರಿಗೋಲು ಗರಗರ ತಿರುಗುತ್ತ ಹೋಗುತ್ತಿತ್ತು. ಒಳಗೆ ಮಗ ನಿಂತುಕೊಂಡು, ಕೈ ಬಾಯಿಗಿಟ್ಟುಕೊಂಡು ನೀರಿಗೆ ಕೂಗುತ್ತಿದ್ದ. "ಅಪ್ಪಾ! ಬಾರೋ ಅಪ್ಪಾ! ಅವ್ವ ಕರಿಯಾಕತ್ತಾಳ!"

"ಯಂಕೋಬಾ! ಹೊಳ್ಳಿ ಬಾರೋ!"

"ಅಪ್ಪ ಇನ್ನೂ ಸಿಕ್ಕಿಲ್ಲಬೇ!"

"ಬ್ಯಾಡೋ ನನ್ನಪ್ಪಾ, ನೀ ಬಾ ಸಾಕು!"

"ಕರಕೊಂಡೇ ಬಾ ಅಂದ್ಯಲ್ಲಬೇ!"

ಅವಳು ಮೊಣಕಾಲುದ್ದ ನೀರಿಗಿಳಿದಳು. ಹಿಂದಿನಿಂದ ನಾಲ್ಕು ಮಂದಿ ಹಿಡಿದರು. ಆರು ವರ್ಷ ಬಾಯಿಗೆ ಬಾರದ ಮಾತನ್ನು ಹೊಟ್ಟೆ ಹರಿಯುವ ಹಾಗೆ ಕೂಗಿದಳು.

"ನಿಮ್ಮಪ್ಪ ಸತ್ತಾನೋ! ನಾ ಹೇಳ್ತೀನಿ ಕೇಳೋ, ನನ್ನ ಗಂಡ ಸತ್ತಾನ!"

ಯಂಕೋಬ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡ. ಅವ್ವನ ಪೆದ್ದುತನಕ್ಕೆ ಅವನಿಗೆ ನಗು ಬಂತು.

"ಹೊರಗ ಆಡಿದ ಮಾತು ಲೆಕ್ಕಕ್ಕಿಲ್ಲಬೇ!" ಅಂತ ಕೂಗಿ, ಹುಟ್ಟು ಹಾಕಿ, ನಡುಹೊಳೆಯ ಸುಳಿಯ ಕಡೆಗೆ ಹರಿಗೋಲು ತಿರುಗಿಸಿದ.