ಹರಟೆಮಲ್ಲಗಳು ಬಾರದ ವರ್ಷ

ನಿರ್ವಾಣಜ್ಜನವರ ಮಠದ ಹಿಂದೆ ಒಂದು ಬನವಿತ್ತು. ಅಲ್ಲಿ ಕೊಡಲಿ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಉದುರಿದ ಎಲೆಗೆ ಕಸಬರಿಗೆ ಮುಟ್ಟಿಸುವಂತೆಯೂ ಇಲ್ಲ.

ಈ ಕೊನೆಯ ಕಟ್ಟಳೆ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಮಠದಲ್ಲಿ ಕೇಳದೆ ನಡೆಯುವ ಸಂಗತಿಗಳು ಬೇಕಾದಷ್ಟು.

ಅಜ್ಜನ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಆದರೂ ಶಿವರಾತ್ರಿ ಕಳೆದು ಮುತ್ತುಗ ಕೆಂಪಾದರೆ ಸಾಕು, ಮಧ್ಯಾಹ್ನದ ಪ್ರಸಾದ ಮುಗಿಸಿ, ಶಿಷ್ಯ ಅಡಿವೆಯ್ಯನ ಕೈ ಹಿಡಿದು ಬನದ ಕಟ್ಟೆಗೆ ಬಂದು ಕೂರುತ್ತಿದ್ದರು. ಹರಟೆಮಲ್ಲಗಳಿಗಾಗಿ ಕಾಯುತ್ತಿದ್ದರು.

ಏಳೆಂಟು ಕೂಡಿ ಬಂದು, ತರಗೆಲೆ ಕೆದರಿ ಹುಳ ಹೆಕ್ಕುತ್ತ, ಸಂತೆಯ ಜಗಳದಂತೆ ಗದ್ದಲ ಹಾಕುವ ಬೂದು ಹಕ್ಕಿಗಳು ಅವು. ಅಜ್ಜನಿಗೆ ವಸಂತವೆಂದರೆ ಆ ಗದ್ದಲ.

ಈ ವರ್ಷ ಅವು ಬರಲಿಲ್ಲ.

"ಏನೇನ್ ಬಂದಾವೋ ಅಡಿವೆಯ್ಯ?" ಮೊದಲ ದಿನ ಅಜ್ಜ ಕೇಳಿದರು.

ಅಡಿವೆಯ್ಯ ನೋಡಿದ. ಬೋಳು ನೆಲ. ನಡುವೆ ಸುಟ್ಟ ಕರಿ ಕಲೆ. ಒಂದು ಇರುವೆಯೂ ಹರಿದಾಡುತ್ತಿರಲಿಲ್ಲ.

"ಬಂದಾವ್ರಿ ಅಜ್ಜಾರ. ಏಳು ಅದಾವ್ರಿ."

ಅಜ್ಜ ತಲೆಯಾಡಿಸಿದರು.

ಒಂದು ಸುಳ್ಳಿಗೆ ಹತ್ತು ಸುಳ್ಳು. ಮರುದಿನ ಪಾತರಗಿತ್ತಿ ಹಾರಿಸಿದ. ಆಮೇಲೆ ಜೇನುಹುಳ, ಜೀರುಂಡೆ. ಹೇಳುವಾಗ ದನಿ ನಡುಗುತ್ತಿತ್ತು. ಅದು ಅಜ್ಜನಿಗೆ ತಿಳಿಯಬಾರದೆಂದು ಮೊದಲು ಒಂದು ಮಾರು, ಆಮೇಲೆ ಎರಡು ಮಾರು ದೂರ ಕೂರತೊಡಗಿದ.

ಹದಿನಾರನೆಯ ದಿನ.

"ಇವತ್ತು?"

"ಎಂಟು ಅದಾವ್ರಿ ಅಜ್ಜಾರ. ಒಂದು ಮರಿನೂ ಐತ್ರಿ."

"ಎಂಟು ಹರಟೆಮಲ್ಲ." ಅಜ್ಜ ನಕ್ಕರು. "ಎಂಟೂ ಮೌನವ್ರತ ಹಿಡದಾವೇನೋ?"

ಅಡಿವೆಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. ಅಜ್ಜನ ಕಾಲ ಬುಡದಲ್ಲಿ ಕುಸಿದು ಅತ್ತ.

"ನಾನ ಸುಟ್ಟೆ ಅಜ್ಜಾರ. ನೀವು ಊರಾಗ ಇರಲಿಲ್ಲ. ಶಿವರಾತ್ರಿಗೆ ಮಂದಿ ಕುಂದ್ರಾಕ ಹಸನಾಗಿರಲಿ ಅಂತ ಎಲಿ ಎಲ್ಲಾ ಗುಡಿಸಿ ಬೆಂಕಿ ಹಚ್ಚಿದೆ. ಕಟ್ಟಳಿ ಗೊತ್ತಿತ್ರಿ. ಒಂದ್ ಸಲಕ್ಕ ಏನಾಗತೈತಿ ಅನ್ಕೊಂಡೆ. ಬಂದವರೆಲ್ಲ, ಬನ ಕನ್ನಡಿ ಆಗೈತಿ ಅಂದ್ರು. ನಾ ಹಿಗ್ಗಿದೆ. ಎಲಿಯೊಳಗ ಹುಳದ ತತ್ತಿ ಇರ್ತಾವ ಅಂತ ಹೊಳೀಲೇ ಇಲ್ರಿ."

"ಆ ಬೂದಿ ಒಂದು ಹಿಡಿ ತಾ."

ತಂದುಕೊಟ್ಟು ಹಣೆಯೊಡ್ಡಿದ. ದಿನಾ ಬೆಳಿಗ್ಗೆ ಅಜ್ಜ ತಮ್ಮ ಕೈಯಾರೆ ಅವನಿಗೆ ವಿಭೂತಿ ಹಚ್ಚುತ್ತಿದ್ದರು.

ಈ ಬೂದಿಯನ್ನು ಹಚ್ಚಲಿಲ್ಲ. ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದರು. ಬಹಳ ಹೊತ್ತು ಹಾಗೇ ಇದ್ದು, ಬೂದಿಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು.

"ಪ್ರಾಯಶ್ಚಿತ್ತ ಹೇಳ್ರಿ ಅಜ್ಜಾರ. ಇಪ್ಪತ್ತೊಂದು ದಿನ ಉಪವಾಸ ಇರ್ತೀನಿ."

"ನೀ ಉಪವಾಸ ಬಿದ್ರ ಅವಕ್ಕ ಹೊಟ್ಟಿ ತುಂಬತೈತೇನು?"

"ನವಣಿ ಚೆಲ್ಲತೀನ್ರಿ."

"ಮರಿಗೆ ಹುಳಾ ಬೇಕು. ಹುಳಾ ಮಾಡಾಕ ಬರತೈತೇನು ನಿನಗ?"

ಬರುವುದಿಲ್ಲ. ಯಾವ ಮಠದಲ್ಲೂ ಆ ವಿದ್ಯೆ ಕಲಿಸುವುದಿಲ್ಲ.

"ಮುಂದಿನ ವರ್ಷರ ಬರ್ತಾವೇನ್ರಿ?"

"ಗೊತ್ತಿಲ್ಲ."

ಮಠಕ್ಕೆ ಬಂದ ಹನ್ನೆರಡು ವರ್ಷದಲ್ಲಿ ಅಜ್ಜನ ಬಾಯಿಂದ ಅಡಿವೆಯ್ಯ ಆ ಮಾತು ಕೇಳಿದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮ ಕಾಲಕ್ಕ..." ಎಂದು ಶುರುಮಾಡಿದವನು ಮುಂದೆ ಹೇಳಲಾರದೆ ನಿಂತ.

"ನನಗ ಇನ್ನೆಷ್ಟು ಕಾಲ ಉಳದೈತೋ!" ಎಂದು ಅಜ್ಜ ಎದ್ದರು.

ಮರುದಿನ ಪ್ರಸಾದವಾದ ಮೇಲೆ ಅಡಿವೆಯ್ಯ ಅಡುಗೆಮನೆಯಲ್ಲೇ ಉಳಿದ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ. ಬನದ ಕಡೆ ಮುಖ ಮಾಡುವ ಧೈರ್ಯ ಅವನಿಗಿರಲಿಲ್ಲ.

ಅಜ್ಜ ಬಾಗಿಲಲ್ಲಿ ಬಂದು ನಿಂತು ಕೈ ಚಾಚಿದರು. ಹಿಡಿಯದೆ ಗತಿಯಿರಲಿಲ್ಲ.

ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಎರಡು ಮಾರು ದೂರ ಹೋಗಿ ಕೂತ.

"ಏನೇನ್ ಬಂದಾವೋ ಅಡಿವೆಯ್ಯ?"

ಅಡಿವೆಯ್ಯ ನೋಡಿದ. ಈ ಸಲ ಬಿಡದೆ ನೋಡಿದ. ಕೊಂಬೆ, ಬೇರು, ಕಲ್ಲಿನ ಸಂದು, ಸುಟ್ಟ ನೆಲ. ಮುತ್ತುಗದ ಒಂದು ಹೂ ಉದುರಿತು. ಬಿದ್ದ ಸಪ್ಪಳವೂ ಕೇಳುವಷ್ಟು ಬನ ಸುಮ್ಮನಿತ್ತು.

"ಏನೂ ಬಂದಿಲ್ರಿ ಅಜ್ಜಾರ."

ಅಜ್ಜ ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಸನೇಕ ಬಾ. ಇಷ್ಟು ದಿನಾ ಬನದ ಈ ಮೌನಾನ ನಾ ಒಬ್ಬನ ಕೇಳಾಕತ್ತಿದ್ದೆ."