ಕೊಳ ತೊಳೆದ ದಿನ

ಸಿದ್ಧವೀರಯ್ಯನವರ ಆಶ್ರಮದ ಕೈತೋಟದಲ್ಲಿ ಪುಟ್ಟದೊಂದು ಮೀನಿನ ಕೊಳವಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ಗುರುಮಲ್ಲನದು.

ಗುರುಮಲ್ಲನಿಗೆ ಕೆಟ್ಟ ನೀರೆಂದರೆ ಭಯ. ಅವನ ಊರಲ್ಲಿ ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹರಡಿದಾಗ ತಂಗಿ ತೀರಿಕೊಂಡಿದ್ದಳು. ಅಂದಿನಿಂದ ಲೋಟದ ನೀರನ್ನೂ ಬೆಳಕಿಗೆ ಹಿಡಿದು ನೋಡದೆ ಅವನು ಕುಡಿಯುತ್ತಿರಲಿಲ್ಲ.

ಮೀನುಗಳು ಊರಿನ ಮುದುಕಿ ದೊಡ್ಡತಾಯಮ್ಮನವು. ಅವಳ ಹಿತ್ತಲ ಬಾವಿಯನ್ನು ಮುಚ್ಚಿಸಿದಾಗ ಅದರಲ್ಲಿದ್ದ ಅವನ್ನು ಬಿಂದಿಗೆಯಲ್ಲಿ ಹೊತ್ತು ತಂದು ಗುರುಗಳಿಗೆ ಒಪ್ಪಿಸಿದ್ದಳು. ಪ್ರತಿ ಸೋಮವಾರ ಸಂಜೆ ಬಂದು ಕೊಳದ ಅಂಚಿನಲ್ಲಿ ಕೂತು ಹೋಗುತ್ತಿದ್ದಳು.

ನೀರು ಪರೀಕ್ಷೆ ಮಾಡುವುದನ್ನು ಗುರುಗಳೇ ಕಲಿಸಿದ್ದರು. ಗಾಜಿನ ನಳಿಕೆಯಲ್ಲಿ ಕೊಳದ ನೀರು ಹಿಡಿದು, ಸೀಸೆಯ ಔಷಧಿಯನ್ನು ಹನಿಹನಿಯಾಗಿ ಬಿಡಬೇಕು. ಹಳದಿಯಾದರೆ ಕ್ಷೇಮ. ಹಸಿರಿಗೆ ತಿರುಗಿದರೆ ಮೀನಿನ ಹೊಲಸು ನೀರಿನಲ್ಲಿ ಉಳಿದಿದೆ ಎಂದು ಅರ್ಥ.

ಒಂದು ಸೋಮವಾರ ಬೆಳಿಗ್ಗೆ ಮೀನೊಂದು ಸತ್ತು ತೇಲುತ್ತಿತ್ತು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನಳಿಕೆಯ ನೀರು ಹಸಿರಾಯಿತು.

ಗುರುಮಲ್ಲ ಓಡಿಹೋಗಿ ಗುರುಗಳನ್ನು ಕರೆತಂದ.

ಅವರು ಸತ್ತ ಮೀನನ್ನು ಎತ್ತಿದರು. ತಳದಲ್ಲಿ ಕೊಳೆತ ಎಲೆಗಳನ್ನು ಬಾಚಿ ತೆಗೆದರು. ಇವತ್ತು ಇವಕ್ಕೆ ತಿನ್ನಲು ಹಾಕಬೇಡ, ಕಾಲುಭಾಗ ನೀರು ತೆಗೆದು ಹಂಡೆಯಲ್ಲಿ ಬಿಸಿಲಿಗಿಟ್ಟ ನೀರನ್ನು ಅಷ್ಟೇ ತುಂಬು, ನಾಳೆ ಮತ್ತೆ ಅಷ್ಟು ಎಂದರು.

"ಅಲ್ಲಿಯವರೆಗೆ ಇವು ಬದುಕುತ್ತವೆಯೇ, ಬುದ್ಧಿ?"

"ನಾಳೆ ನೋಡೋಣ."

ಅಷ್ಟು ಹೇಳಿ, ಕಾಯಿಲೆ ಬಿದ್ದ ಭಕ್ತರೊಬ್ಬರನ್ನು ನೋಡಲು ಪಕ್ಕದೂರಿಗೆ ಹೊರಟರು.

ಗುರುಮಲ್ಲ ಹೇಳಿದಷ್ಟು ಮಾಡಿದ. ಮತ್ತೆ ಪರೀಕ್ಷಿಸಿದ. ಹಸಿರು. ಸ್ವಲ್ಪ ಹೊತ್ತು ಕೂತ. ಮತ್ತೆ ಪರೀಕ್ಷಿಸಿದ. ಹಸಿರೇ.

ಮೀನೊಂದು ಓರೆಯಾಗಿ ಈಜಿದಂತೆ ಕಂಡಿತು. ತಂಗಿಯ ಒಣಗಿದ ತುಟಿ ನೆನಪಿಗೆ ಬಂತು. ಅಂದು ಮನೆಯವರೆಲ್ಲ ಬೆಳಗಾಗಲಿ, ನೋಡೋಣ ಎಂದೇ ಹೇಳಿದ್ದರು.

ಅವನಿಂದ ಕೂರಲಾಗಲಿಲ್ಲ. ಕೊಳದ ನೀರನ್ನೇ ಪಕ್ಕದ ಕಲ್ಲುತೊಟ್ಟಿಗೆ ತುಂಬಿ ಮೀನುಗಳನ್ನು ಅದರಲ್ಲಿ ಬಿಟ್ಟ. ಉಳಿದದ್ದನ್ನು ಒಂದು ಹನಿಯೂ ಬಿಡದೆ ಖಾಲಿ ಮಾಡಿದ. ಕಲ್ಲುಗಳ ಲೋಳೆಯನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೆಗೆದ. ನಲ್ಲಿಗೆ ಪೈಪು ಹಾಕಿ ಕೊಳವನ್ನು ತುಂಬಿಸಿದ.

ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ನಳಿಕೆಯ ನೀರು ಹಳದಿಯಾಯಿತು. ಅವನ ಎದೆ ಹಗುರವಾಯಿತು. ಮೀನುಗಳನ್ನು ಹೊಸ ನೀರಿಗೆ ಬಿಟ್ಟ.

ಮೊದಲು ಅವು ಅತ್ತಿತ್ತ ನುಗ್ಗಿದವು. ಒಂದು ಹಾರಿ ಗೋಡೆಗೆ ಬಡಿಯಿತು. ಆಮೇಲೆ ಒಂದೊಂದಾಗಿ ಪಕ್ಕಕ್ಕೆ ವಾಲತೊಡಗಿದವು.

ಗುರುಮಲ್ಲ ಮತ್ತೆ ಪರೀಕ್ಷಿಸಿದ. ಹಳದಿ. ಬೇರೆ ಮೂಲೆಯ ನೀರು ಹಿಡಿದು ನೋಡಿದ. ಹಳದಿ.

ಗುರುಗಳು ಹಿಂತಿರುಗಿದಾಗ ಅವನು ಕೊಳದ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ.

"ನೀರು ಚೊಕ್ಕವಾಗಿದೆ, ಬುದ್ಧಿ. ಆದರೂ ಸಾಯುತ್ತಿವೆ."

ಅವರು ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿ, ಅವನ ಮೂಗಿಗೂ ಹಿಡಿದರು. ನಲ್ಲಿ ನೀರು ಬರುವ ಊರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಘಾಟು. ಹಂಡೆಯಲ್ಲಿ ಬಿಸಿಲಿಗಿಟ್ಟ ನೀರಿನಿಂದ ಅದು ಹಾರಿಹೋಗಿರುತ್ತಿತ್ತು.

"ಹಳೆಯ ನೀರು?"

"ತೊಟ್ಟಿಯಲ್ಲಿದೆ. ಚೆಲ್ಲಬೇಕೆಂದಿದ್ದೆ."

"ಮೀನುಗಳನ್ನು ಅದಕ್ಕೆ ಬಿಡು."

ಗುರುಮಲ್ಲನ ಕೈ ಮುಂದೆ ಬರಲಿಲ್ಲ. ಅದು ಹಸಿರು ತೋರಿಸಿದ ನೀರು ಎಂದ. ಗುರುಗಳು ತಾವೇ ಕೊಳಕ್ಕಿಳಿದು, ವಾಲಿದ್ದ ಮೀನೊಂದನ್ನು ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟರು. ಆಗ ಅವನೂ ಇಳಿದ.

ಚೆಂಬಿನಿಂದ ನೀರನ್ನು ಎತ್ತಿ ಎತ್ತಿ ಹುಯ್ಯುತ್ತಿರು, ಉಸಿರಾಡಲು ಅವಕ್ಕೆ ಗಾಳಿ ಸಿಗಲಿ ಎಂದರು. ಅವನು ತೋಳು ಸೋಲುವವರೆಗೂ ಹುಯ್ದ. ಹಲವು ಸತ್ತವು. ಕೆಲವು ಮೆಲ್ಲಗೆ ನೆಟ್ಟಗಾದವು.

"ಕಲ್ಲಿನ ಲೋಳೆ ಏನಾಯಿತು?" ಗುರುಗಳು ಕೇಳಿದರು.

"ಉಜ್ಜಿ ತೆಗೆದೆ, ಬುದ್ಧಿ. ಹೊಲಸಾಗಿತ್ತು."

"ಮೀನಿನ ಹೊಲಸನ್ನು ಅರಗಿಸುತ್ತಿದ್ದದ್ದು ಅದೇ." ಅವರು ಮತ್ತೆ ಕೇಳಿದರು. "ಯಾರ ಸಲುವಾಗಿ ತೊಳೆದೆ, ಗುರುಮಲ್ಲ?"

ಮೀನಿನ ಸಲುವಾಗಿ ಎನ್ನಲು ಅವನು ಬಾಯಿ ತೆರೆದ. ಕಣ್ಣ ಮುಂದೆ ಬಂದದ್ದು ತಂಗಿಯ ಒಣಗಿದ ತುಟಿ.

ಸಂಜೆ ದೊಡ್ಡತಾಯಮ್ಮ ಬಂದಳು. ಅವನಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಆದರೂ ಅಲ್ಲೇ ನಿಂತು ಆದದ್ದನ್ನೆಲ್ಲ ಹೇಳಿದ.

ಮುದುಕಿ ಸತ್ತ ಮೀನುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಕಟ್ಟಿಕೊಂಡಳು. ಬೈಯಲಿಲ್ಲ. ತೊಟ್ಟಿಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದಳು.

"ಉಳಿದವನ್ನ ಯಾರು ನೋಡ್ಕತಾರೆ, ಮಗ?"

ಅವನು ಗುರುಗಳ ಕಡೆ ನೋಡಿದ. ಅವಳು ಸೆರಗನ್ನು ಎದೆಗವಚಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಗುರುಗಳು ತೊಟ್ಟಿಯ ಬಳಿ ಅವನನ್ನು ಕರೆದು ನೀರು ಪರೀಕ್ಷಿಸಲು ಹೇಳಿದರು. ನಳಿಕೆ ಹಸಿರಾಯಿತು. ನಿನ್ನೆಗಿಂತ ಗಾಢ ಹಸಿರು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಗುರುಗಳು ತೊಟ್ಟಿಯಿಂದ ಕಾಲುಭಾಗ ನೀರು ತೆಗೆದರು. ಹಂಡೆಯ ನೀರನ್ನು ಬಿಂದಿಗೆಗೆ ತುಂಬಿ ಅವನ ಮುಂದೆ ಹಿಡಿದರು.

ಗುರುಮಲ್ಲ ಹಿಂದೆ ಸರಿದ.

"ಬೇರೆ ಯಾರಿಗಾದರೂ ಕೊಡಿ, ಬುದ್ಧಿ. ನನಗೆ ಭಯ. ಕೈ ನಡುಗುತ್ತದೆ."

ಗುರುಗಳು ಬಿಂದಿಗೆಯನ್ನು ಅವನ ಕೈಗೇ ಇಟ್ಟರು.

"ನಡುಗಲಿ. ನೀರು ಮಾತ್ರ ನಿಧಾನವಾಗಿ ಬಿಡು."